ಕ್ಯಾಂಟನೀಸ್ ಮತ್ತು ಐರಿಷ್: ಇವೆರಡರಲ್ಲಿ ಯಾವುದನ್ನು ಕಲಿಯುವುದು ಸುಲಭ, ಯಾವುದರಿಂದ ಪ್ರಯೋಜನ ಹೆಚ್ಚು?

ಯಾವುದನ್ನು ಕಲಿಯಲಿ ಎಂದು ನೀವು ಕೇಳಿದ್ದೀರಿ; ಒಂದು ಕಡೆ ಹಾಂಗ್ ಕಾಂಗ್ ಮತ್ತು ದಕ್ಷಿಣ ಚೀನಾದಲ್ಲಿ ಕೋಟಿಗಟ್ಟಲೆ ಜನರಾಡುವ ಕ್ಯಾಂಟನೀಸ್, ಇನ್ನೊಂದು ಕಡೆ ಐರ್ಲೆಂಡಿನ ಅಳಿವಿನಂಚಿನ ಐರಿಷ್ ಎಂದು ಆ ಪ್ರಶ್ನೆಯಲ್ಲೇ ತಕ್ಕಡಿ ಹಿಡಿದಿದ್ದೀರಿ. ಮೊದಲು ಹಾಂಗ್ ಕಾಂಗ್‌ನಲ್ಲಿ, ಆಮೇಲೆ ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿದ್ದ ನಾನು ಎರಡನ್ನೂ ಕಲಿಯಲು ಹೊರಟವನು, ಮೊದಮೊದಲು ಇದೇ ಲೆಕ್ಕ ಹಾಕಿದವನು.

ಹಾಂಗ್ ಕಾಂಗ್‌ನಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಓದಿ ಕಲಿಯುವ ಅಭ್ಯಾಸವಿರುವ ನಮ್ಮಂಥವರು ಅದನ್ನು ಮಾಡುವ ಸಂಭವ ಹೆಚ್ಚು. ಬರಹ ಬಂದರೆ ಮಾತು ತಾನಾಗಿ ಬರುತ್ತದೆ ಎಂದು ನಂಬಿ ಅಲ್ಲಿನ ಪ್ರಾಥಮಿಕ ಶಾಲೆಯ ಪಠ್ಯಪುಸ್ತಕಗಳನ್ನು ತಂದಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಕ್ಯಾಂಟನೀಸ್ ಉಚ್ಚಾರಣೆಯಲ್ಲಿ ಗಟ್ಟಿಮಾಡತೊಡಗಿದೆ. ಕನ್ನಡದಲ್ಲಿ ಗ್ರಾಂಥಿಕ ಭಾಷೆಯನ್ನು ಕಲಿತವನು ತುಸು ತಡವರಿಸಿದರೂ ಆಡುಮಾತಿಗೆ ದಾಟಬಲ್ಲ. ಅಲ್ಲಿ ಹಾಗಲ್ಲ. ಹಾಂಗ್ ಕಾಂಗ್‌ನ ಪಠ್ಯಪುಸ್ತಕಗಳು, ಸರ್ಕಾರಿ ಪ್ರಕಟಣೆಗಳು, ಪತ್ರಿಕೆಗಳ ಬಹುಭಾಗ ಶಿಷ್ಟ ಚೀನೀ ಬರಹದಲ್ಲಿರುತ್ತವೆ, ಮತ್ತು ಆ ಬರಹದ ಪದಗಳೂ ವಾಕ್ಯರಚನೆಯೂ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ಗೆ ಹತ್ತಿರವಾದವು. ‘ಅವರು ಅಲ್ಲ’ ಎಂಬುದನ್ನು ಮಕ್ಕಳು ಶಾಲೆಯಲ್ಲಿ ‘ಥಾ ಮುನ್ ಪತ್ ಸಿ’ ಎಂದು ಓದುತ್ತಾರೆ. ಅದೇ ಮಕ್ಕಳು ಬೀದಿಗೆ ಬಂದೊಡನೆ ‘ಖೋಯ್ ತೇಯ್ ಮ್ ಹಾಯ್’ ಎನ್ನುತ್ತಾರೆ. ಎರಡರಲ್ಲೂ ನಾಲ್ಕು ಅಕ್ಷರಗಳಿವೆ, ಒಂದು ಕೂಡ ಸಮಾನವಾದುದಲ್ಲ. ನಾನು ಕಲಿತದ್ದು ಮೊದಲನೆಯದನ್ನು. ಶಾಮ್ ಶುಯ್ ಪೋ ಮಾರುಕಟ್ಟೆಯಲ್ಲಿ ಆ ಭಾಷೆಯಲ್ಲಿ ಸೊಪ್ಪಿನ ಬೆಲೆ ವಿಚಾರಿಸಿದರೆ ಅಂಗಡಿಯವರು ಒಂದು ಕ್ಷಣ ಮುಖ ನೋಡಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದರು. ನಮ್ಮ ಮಹಡಿಯಲ್ಲಿದ್ದ ವೃದ್ಧೆಯೊಬ್ಬರು ಲಿಫ್ಟಿನಲ್ಲಿ ಸಿಕ್ಕಾಗ, ನಮ್ಮ ಊರುಗಳಲ್ಲಿ ಕೇಳುವ ಹಾಗೆಯೇ, ಊಟವಾಯಿತೇ ಎಂದು ಕೇಳುತ್ತಿದ್ದರು. ಅಷ್ಟಕ್ಕೆ ಉತ್ತರಿಸುತ್ತಿದ್ದೆ, ಅದರ ಮುಂದಿನ ವಾಕ್ಯವೇ ನನಗೆ ತಿಳಿಯುತ್ತಿರಲಿಲ್ಲ. ಪತ್ರಿಕೆಯ ತಲೆಬರಹಗಳನ್ನು ಓದಬಲ್ಲವನಾಗಿ, ಸಹೋದ್ಯೋಗಿಗಳ ಊಟದ ಮೇಜಿನ ಮಾತನ್ನು ಅರಿಯಲಾರದವನಾಗಿಯೇ ಆ ಊರನ್ನು ಬಿಟ್ಟೆ. ಆ ನಷ್ಟಕ್ಕೆ ನನಗೆ ಈಗಲೂ ದುಃಖವಿದೆ.

ಅಷ್ಟೊಂದು ಜನರಾಡುವ ಭಾಷೆಯ ನಡುವೆಯೇ ಇದ್ದೂ ನನಗೆ ಮಾತು ಬರಲಿಲ್ಲ. ಆದ್ದರಿಂದ ಸಂಖ್ಯೆಯನ್ನು ಮುಂದಿಟ್ಟುಕೊಂಡು ಆಯ್ಕೆ ಮಾಡುವ ನಿಮ್ಮ ಕ್ರಮವನ್ನು ನಾನು ಒಪ್ಪುವುದಿಲ್ಲ. ಐರ್ಲೆಂಡಿನ 1937ರ ಸಂವಿಧಾನವು ಐರಿಷನ್ನು ರಾಷ್ಟ್ರಭಾಷೆ ಹಾಗೂ ಮೊದಲ ಅಧಿಕೃತ ಭಾಷೆ ಎಂದು ಕರೆದು, ಇಂಗ್ಲಿಷಿಗೆ ಎರಡನೆಯ ಸ್ಥಾನ ಕೊಟ್ಟಿದೆ. 2007ರಿಂದ ಅದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯೂ ಹೌದು. ಅಲ್ಲಿನ 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷ 70 ಸಾವಿರ ಜನ ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದ್ದಾರೆ, ಆದರೆ ತರಗತಿಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ. ಕ್ಯಾಂಟನೀಸಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಹಾಂಗ್ ಕಾಂಗ್‌ನ ನೂರರಲ್ಲಿ ಸುಮಾರು 88 ಜನರ ದಿನಬಳಕೆಯ ಭಾಷೆ ಅದು, ಆದರೂ ಅಲ್ಲಿನ ಸಂವಿಧಾನದಂತಿರುವ ಮೂಲ ಕಾನೂನಿನಲ್ಲಿರುವುದು ‘ಚೀನೀ ಭಾಷೆ’ ಎಂಬ ಮಾತು, ಕ್ಯಾಂಟನೀಸಿನ ಹೆಸರಿಲ್ಲ. ಅದರ ತವರಾದ ಗ್ವಾಂಗ್‌ಝೌನಲ್ಲಿ 2010ರಲ್ಲಿ ಸ್ಥಳೀಯ ದೂರದರ್ಶನದ ಕಾರ್ಯಕ್ರಮಗಳನ್ನು ಮ್ಯಾಂಡರಿನ್‌ಗೆ ಬದಲಾಯಿಸುವ ಸಲಹೆ ಬಂದಾಗ ಜನರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಕೋಟಿಗಟ್ಟಲೆ ಜನರಾಡುವ ಭಾಷೆಗೆ ಅಪಾಯವಿಲ್ಲ ಎಂದು ತಿಳಿಯಬೇಡಿ, ಸರ್ಕಾರದ ಮನ್ನಣೆ ಇರುವ ಭಾಷೆ ಎಲ್ಲ ಕಡೆ ಕಿವಿಗೆ ಬೀಳುತ್ತದೆ ಎಂದೂ ತಿಳಿಯಬೇಡಿ.

ಡಬ್ಲಿನ್‌ಗೆ ಬಂದ ಮೇಲೆ ನಾನು ಪುಸ್ತಕ ಮುಟ್ಟಲು ಅವಸರ ಮಾಡಲಿಲ್ಲ. 1972ರಲ್ಲಿ ಆರಂಭವಾದ ಐರಿಷ್ ಭಾಷೆಯ ಬಾನುಲಿ ಕೇಂದ್ರ ರೇಡಿಯೋ ನ ಗೇಲ್ತಖ್ತವನ್ನು ಅಡುಗೆಮನೆಯಲ್ಲಿ ಹಚ್ಚಿಟ್ಟು ಧ್ವನಿಗೆ ಕಿವಿ ಹೊಂದಿಸಿಕೊಂಡೆ, ವಾರಕ್ಕೊಮ್ಮೆ ಸೇರುವ ಸಂಭಾಷಣಾ ಕೂಟಕ್ಕೆ ಹೋದೆ, ಬೇಸಗೆಯಲ್ಲಿ ಗಾಲ್ವೇ ಸೀಮೆಯ ಕಾನೆಮಾರಾದಲ್ಲಿ ಐರಿಷ್ ಮನೆಮಾತಾಗಿರುವ ಕುಟುಂಬವೊಂದರಲ್ಲಿ ಉಳಿದುಕೊಂಡೆ. ಆ ಮನೆಯ ಯಜಮಾನಿ ನನ್ನ ಮುರುಕು ವಾಕ್ಯ ಮುಗಿಯುವ ತನಕ ಕಾಯುತ್ತಿದ್ದರು, ಇಂಗ್ಲಿಷಿಗೆ ಹೊರಳುತ್ತಿರಲಿಲ್ಲ. ಹಾಂಗ್ ಕಾಂಗ್‌ನ ಅಷ್ಟು ಕಾಲದಲ್ಲಿ ಬಾರದ ಧೈರ್ಯ ಅಲ್ಲಿ ಬಂತು.

ಸುಲಭದ ವಿಚಾರಕ್ಕೆ ಬಂದರೆ, ಕನ್ನಡಿಗರಿಗೆ ಎರಡರಲ್ಲೂ ಕೆಲವು ಅನುಕೂಲಗಳಿವೆ. ಐರಿಷಿನಲ್ಲಿ ಹೌದು, ಇಲ್ಲ ಎನ್ನಲು ಬೇರೆ ಪದವಿಲ್ಲ, ‘ಬಂದರೇ?’ ಎಂದರೆ ‘ಬಂದರು’ ಎನ್ನುವಂತೆ ಕ್ರಿಯಾಪದವನ್ನೇ ಮರುನುಡಿಯುತ್ತಾರೆ. ‘ತಾ ಓಕ್ರಸ್ ಓರಮ್’ ಎಂದರೆ ಹಸಿವು ನನ್ನ ಮೇಲಿದೆ ಎಂದರ್ಥ, ‘ನನಗೆ ಹಸಿವಾಗಿದೆ’ ಎನ್ನುವ ನಮಗೆ ಅದು ವಿಚಿತ್ರವೆನಿಸದು. ಎಲ್ಲರೂ ಹೆದರುವ ಪದಾರಂಭದ ವ್ಯಂಜನ ಬದಲಾವಣೆಯ ಒಂದು ಭಾಗವಂತೂ ನಮ್ಮ ಆದೇಶ ಸಂಧಿಯನ್ನು ನೆನಪಿಸುತ್ತದೆ. ‘ಕತ್’ ಎಂದರೆ ಬೆಕ್ಕು, ‘ನಮ್ಮ ಬೆಕ್ಕು’ ಎನ್ನುವಾಗ ಅದು ‘ಆರ್ ಗತ್’ ಆಗುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಆಗುವುದೂ ಇದೇ, ಕ ತ ಪಗಳಿಗೆ ಗ ದ ಬಗಳು ಬರುತ್ತವೆ. ಅಲ್ಲಿ ಇದನ್ನು ಉಂಟುಮಾಡುವುದು ಹಿಂದಿನ ಪದದ ವ್ಯಾಕರಣ ಎಂಬುದಷ್ಟೇ ವ್ಯತ್ಯಾಸ. ಕ್ಯಾಂಟನೀಸಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಅರ್ಥವನ್ನೇ ಬದಲಿಸುತ್ತದೆ, ಆದ್ದರಿಂದ ಕ-ಖ, ತ-ಥ ಬರೆದು ಬಲ್ಲ ನಮಗೆ ರೋಮನ್ ಅಕ್ಷರಗಳಿಗಿಂತ ಕನ್ನಡ ಲಿಪಿಯ ಟಿಪ್ಪಣಿಯೇ ಮೇಲು. ಆದರೆ ‘ಪತ್’ ಅನ್ನು ‘ಪತ್ತು’ ಮಾಡುವ ನಮ್ಮ ನಾಲಗೆಯ ರೂಢಿಯನ್ನು ಬಿಡಬೇಕು, ಪದದ ಅರ್ಥವನ್ನೇ ಬದಲಿಸುವ ಆರು ಬಗೆಯ ದನಿಯ ಏರಿಳಿತವನ್ನು ಮೊದಲ ದಿನದಿಂದಲೇ ಪದದೊಂದಿಗೆ ಕಲಿಯಬೇಕು.

ನೀವು ಎಲ್ಲಿ ವಾಸಿಸುತ್ತೀರಿ, ಯಾರ ಜೊತೆ ಮಾತನಾಡುತ್ತೀರಿ ಎಂಬುದನ್ನು ಪ್ರಶ್ನೆಯಲ್ಲಿ ಬರೆದಿಲ್ಲ; ನನ್ನ ಪ್ರಕಾರ ನಿರ್ಧಾರ ನಿಂತಿರುವುದು ಅದರ ಮೇಲೆಯೇ. ಹಾಂಗ್ ಕಾಂಗ್, ವ್ಯಾಂಕೂವರ್ ಅಥವಾ ಕೌಲಾಲಂಪುರದಲ್ಲಿದ್ದರೆ ಕ್ಯಾಂಟನೀಸ್ ಕಲಿಯಿರಿ, ಆದರೆ ಪುಸ್ತಕ ಕೊಳ್ಳುವ ಮುನ್ನ ಮೊದಲ ಪಾಠವನ್ನು ತೆರೆದು ‘ಆಗಿದೆ’ ಎನ್ನಲು ಆಡುಮಾತಿನ ‘ಹಾಯ್’ ಎಂದಿದೆಯೋ ಬರಹದ ‘ಸಿ’ ಎಂದಿದೆಯೋ ನೋಡಿ, ‘ಸಿ’ ಎಂದಿದ್ದರೆ ಅದನ್ನು ಕೊಳ್ಳಬೇಡಿ. ಐರ್ಲೆಂಡಿನಲ್ಲಿದ್ದರೆ ಮನ್‌ಸ್ಟರ್, ಕಾನಕ್ಟ್, ಅಲ್‌ಸ್ಟರ್ ಈ ಮೂರು ಪ್ರಾದೇಶಿಕ ಪ್ರಭೇದಗಳಲ್ಲಿ ನಿಮಗೆ ಹತ್ತಿರದ ಒಂದನ್ನು ಹಿಡಿದು, ಕಿವಿ ಪಳಗುವವರೆಗೆ ಬೇರೆರಡರ ಗೊಡವೆಗೆ ಹೋಗಬೇಡಿ.