ಅಯ್ಯನವರನ್ನು ಕೇಳಿ: ಪ್ರಾರ್ಥನೆ ಬಾಯಿಗೆ ಬಾರದಾಗ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ಮಗ ಕುಡಿತಕ್ಕೆ ಬಿದ್ದು 7 ವರ್ಷವಾಯಿತು. ಎರಡು ಸಲ ಬಿಟ್ಟ, ಎರಡು ಸಲವೂ ಮತ್ತೆ ಶುರು ಮಾಡಿದ. ಅವನಿಗಾಗಿ ಉಪವಾಸ ಮಾಡಿದ್ದೇನೆ, ರಾತ್ರಿಯೆಲ್ಲ ಮೊಣಕಾಲೂರಿದ್ದೇನೆ. ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ‘ನಿಮ್ಮ ನಂಬಿಕೆ ಸಾಲದಮ್ಮ’ ಎಂದರು. ಅವತ್ತಿನಿಂದ ಪ್ರಾರ್ಥನೆ ಬಾಯಿಗೇ ಬರುತ್ತಿಲ್ಲ. ಹಾಡುವಾಗ ತುಟಿ ಮಾತ್ರ ಆಡಿಸುತ್ತೇನೆ. ನಿರೀಕ್ಷೆ ಕಳೆದುಕೊಂಡವಳು ವಿಶ್ವಾಸಿ ಅನ್ನಿಸಿಕೊಳ್ಳಬಹುದೇ?
– ಹೆಸರು ಬೇಡ

ಉತ್ತರ: ಪ್ರಿಯ ಸಹೋದರಿ, ಮೊದಲು ಆ ಹಿರಿಯರ ಮಾತನ್ನು ಪಕ್ಕಕ್ಕಿಡೋಣ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ತೆಗೆಯಿರಿ. ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ತುಂಬಿದ್ದಾರೆ. ಚಾವಣಿ ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ‘ಅವರ’ ನಂಬಿಕೆಯನ್ನು ನೋಡಿದನು ಎಂದು ಬರೆದಿದೆ. ‘ಅವನ’ ಅಂತಲ್ಲ. ಮಲಗಿದ್ದವನು ಇಡೀ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅವನ ನಂಬಿಕೆ ಎಷ್ಟಿತ್ತೆಂದು ಯಾರೂ ತೂಗಿ ನೋಡಲಿಲ್ಲ. ಹಾಗಿರುವಾಗ ನಿಮ್ಮದನ್ನು ತೂಗಲು ತಕ್ಕಡಿ ಹಿಡಿದು ಬಂದವರು ಯಾರು? ಹಿರಿಯರು ಹಾಸಿಗೆಯ ಒಂದು ತುದಿ ಹಿಡಿಯಬೇಕಿತ್ತು, ಅಷ್ಟೇ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 31 ವರ್ಷ ಪ್ರಸಂಗ ಮಾಡಿದವನು ನಾನು. ನನ್ನ ಹೆಂಡತಿಗೆ ಸ್ಟ್ರೋಕ್ ಆಗಿ 11 ತಿಂಗಳು ಹಾಸಿಗೆಯಲ್ಲೇ ಇದ್ದಳು. ಯಾರಿಗಾಗಿ ಪ್ರಾರ್ಥಿಸಬೇಕು ಅಂತ ಹೆಸರು ಬರೆದಿಟ್ಟುಕೊಳ್ಳುವ ಒಂದು ಪುಸ್ತಕ ನನ್ನ ಹತ್ತಿರ ಇದೆ. ಬೆಳಿಗ್ಗೆ ಅದನ್ನು ಓದುತ್ತಾ ಹೋಗಿ, ಅವಳ ಹೆಸರು ಬಂದ ಕೂಡಲೇ ಹಾಳೆ ತಿರುವುತ್ತಿದ್ದೆ. ಕೇಳಿ ಕೇಳಿ ಸಾಕಾಗಿತ್ತು. ಭಾನುವಾರ ಮಾತ್ರ ಪೀಠದ ಮೇಲೆ ನಿಂತು ನಿರೀಕ್ಷೆಯ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದೆ! ಒಂದು ದಿನ ಸಭೆಯ ಅಜ್ಜಿಯೊಬ್ಬರು ಬಂದು, ‘ಅಯ್ಯಾ, ಈ ತಿಂಗಳು ಅಮ್ಮನವರಿಗಾಗಿ ನೀವು ಪ್ರಾರ್ಥಿಸಬೇಡಿ. ಅದನ್ನು ನಮಗೆ ಬಿಟ್ಟುಬಿಡಿ’ ಎಂದರು. ಅವತ್ತು ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ನನ್ನ ಹೆಂಡತಿ ಬದುಕಲಿಲ್ಲ. ಇದನ್ನೂ ಹೇಳಲೇಬೇಕು, ಇಲ್ಲದಿದ್ದರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆ ದಿನಗಳಲ್ಲಿ ಅವಳು ಓದಿಸಿಕೊಳ್ಳುತ್ತಿದ್ದದ್ದು ಬೈಬಲಿನ 88ನೇ ಕೀರ್ತನೆ. ನನಗೆ ಅದು ಬೇಡವಾಗಿತ್ತು. ಬೇರೆ ದುಃಖದ ಕೀರ್ತನೆಗಳು ಜಾಸ್ತಿ ಪಾಲು ಕೊನೆಗೆ ಸ್ತುತಿಗೆ ತಿರುಗುತ್ತವೆ, ಇದು ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ‘ಇದರಲ್ಲಿ ಏನಿದೆ ಅಂತ ಕೇಳುತ್ತೀಯೆ?’ ಎಂದರೆ, ‘ಇವನೂ ದೇವರ ಹತ್ತಿರವೇ ಜಗಳ ಆಡುತ್ತಿದ್ದಾನಲ್ವಾ’ ಎಂದಳು, ತೊದಲುತ್ತಾ. ಹೌದಲ್ಲ ಅನ್ನಿಸಿತು. ದೇವರ ಮೇಲೆ ಆಸೆ ಪೂರ್ತಿ ಬಿಟ್ಟವರು ದೇವರನ್ನು ಬೈಯುವುದಕ್ಕೂ ಹೋಗುವುದಿಲ್ಲ. 13ನೇ ಕೀರ್ತನೆ ನೋಡಿ. ಮೊದಲ ಎರಡೇ ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ 4 ಸಲ ಬರುತ್ತದೆ. ಸ್ವಂತ ಮಾತು ಬರದಿದ್ದರೆ ಆ ಎರಡು ವಚನ ಓದಿ ಪುಸ್ತಕ ಮುಚ್ಚಿ. ಮುಂದಿನ ವಚನಗಳು ಬಾಯಿಗೆ ಬರುವ ದಿನ ಓದಿದರಾಯಿತು.

ನಿರೀಕ್ಷೆ ಕಳೆದುಕೊಂಡೆ ಎಂದಿರಿ. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದ ಅವನ ಇಬ್ಬರು ಶಿಷ್ಯರೂ ಹೀಗೇ ಹೇಳಿದ್ದು: ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದು ನಿರೀಕ್ಷಿಸಿದ್ದೆವು. ನಿರೀಕ್ಷಿಸಿದ್ದೆವು! ಎಲ್ಲ ಮುಗಿದುಹೋದ ಮಾತು. ಇದನ್ನು ಅವರು ಹೇಳಿದ್ದು ಯಾರಿಗೆ ಅಂತ ನಿಮಗೆ ಗೊತ್ತು, ಸತ್ತು ಎದ್ದು ಬಂದಿದ್ದ ಯೇಸುವಿಗೇ. ಪಕ್ಕದಲ್ಲಿ ನಡೆಯುತ್ತಿದ್ದವನ ಗುರುತೂ ಅವರಿಗೆ ಸಿಗಲಿಲ್ಲ. ಆದರೂ ಅವನು ಬಿಟ್ಟು ಹೋಗಲಿಲ್ಲ, ಜೊತೆಗೇ ನಡೆದ.

ಇನ್ನೊಂದು ವಿಷಯ. ನಿರೀಕ್ಷೆ ಇದ್ದರೆ ತಾಳ್ಮೆ ತಾನಾಗಿ ಬರುತ್ತದೆ ಎಂದು ನಾನೂ ತುಂಬಾ ವರ್ಷ ಬೋಧಿಸಿದ್ದೆ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಸಾಲು ಉಲ್ಟಾ ಇದೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಯಲ್ಲಿ ಗೆದ್ದ ಗುಣ, ಕೊನೆಗೆ ನಿರೀಕ್ಷೆ. ಅದು ಬರುವುದೇ ಕೊನೆಯಲ್ಲಿ. ತಾಳ್ಮೆ ಎಂಬಲ್ಲಿ ಅವನು ಬಳಸಿದ ಗ್ರೀಕ್ ಪದ ಹುಪೊಮೊನೆ. ಅದನ್ನು ಬಿಡಿಸಿದರೆ ಕೆಳಗೆ ಉಳಿದುಕೊಳ್ಳುವುದು ಎಂದಾಗುತ್ತದೆ. ಹಾಡು ಬಾರದಿದ್ದರೂ ನೀವು ಸಭೆಗೆ ಹೋಗಿ ತುಟಿ ಆಡಿಸುತ್ತಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಇದೇ.

ಉಳಿಯುವುದು ಅಂದೆ ಅಂತ ತಪ್ಪು ತಿಳಿಯಬೇಡಿ. ಮಗ ಕೈ ಮಾಡಿದರೆ ಅದನ್ನು ಸಹಿಸುವುದು ತಾಳ್ಮೆ ಅಲ್ಲ. ಅವನ ಸಾಲ ತೀರಿಸುತ್ತಾ ಹೋಗುವುದೂ ಅಲ್ಲ. ಕುಡಿತದ ಚಟ ಒಂದು ಕಾಯಿಲೆ, ಅದಕ್ಕೆ ಡಾಕ್ಟರು ಬೇಕು, ಬಿಟ್ಟವರು ಮತ್ತೆ ಶುರು ಮಾಡುವುದೂ ಅದರಲ್ಲಿ ತುಂಬಾ ಸಾಮಾನ್ಯ. ಎರಡು ಸಲ ಬಿಟ್ಟಿದ್ದ ಎಂಬುದನ್ನು ಬರೀ ಸೋಲು ಅಂತ ಬರೆದುಕೊಳ್ಳಬೇಡಿ.

ಮೋನಿಕಳ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ದಾರಿ ತಪ್ಪಿದ, ಮುಂದೆ ಕ್ರೈಸ್ತ ಸಭೆಯ ದೊಡ್ಡ ಬೋಧಕನಾದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತಳು, ಕ್ರಿ.ಶ. 387ರಲ್ಲಿ ಅವನು ದೀಕ್ಷಾಸ್ನಾನ ಪಡೆದ, ಅದೇ ವರ್ಷ ಅವಳು ತೀರಿಕೊಂಡಳು. ಈ ಕಥೆಯನ್ನು ಗ್ಯಾರಂಟಿ ಪತ್ರದ ಹಾಗೆ ತಾಯಂದಿರ ಕೈಗೆ ಕೊಡುವುದು ನನಗೆ ಸೇರುವುದಿಲ್ಲ. ಆದರೆ ನಡುವೆ ಒಂದು ಚಿಕ್ಕ ಸಂಗತಿ ಇದೆ. ಮಗನಿಗೆ ಬುದ್ಧಿ ಹೇಳಿ ಎಂದು ಅವಳು ಒಬ್ಬ ಬಿಷಪ್‌ರನ್ನು ಕಾಡಿದಳು. ಅವರು ಒಪ್ಪಲಿಲ್ಲ. ಈಗ ಅವನನ್ನು ಅವನ ಪಾಡಿಗೆ ಬಿಡು, ದೇವರಲ್ಲಿ ಬೇಡು ಎಂದರು. ಮಗನನ್ನು ಸರಿಮಾಡುವ ಕೆಲಸ ಆಗ ಅವಳ ಕೈಯಿಂದ ಇಳಿಯಿತು. ನೀವೂ ಅದನ್ನು ಸ್ವಲ್ಪ ಹೊತ್ತು ಕೆಳಗಿಡಿ.

ನಿಮ್ಮ ಸಭೆಯಲ್ಲಿ ಬಾಯಿ ಬಿಗಿ ಇರುವ ಇಬ್ಬರನ್ನು ಆರಿಸಿ, ಒಂದು ತಿಂಗಳು ನನ್ನ ಬದಲು ಪ್ರಾರ್ಥಿಸಿ ಎಂದು ಕೇಳಿ. ಬುದ್ಧಿಮಾತು ಹೇಳದವರೇ ಆಗಲಿ. ಮೂರನೆಯವನು ನಾನಿದ್ದೇನೆ. ಮಗನ ಹೆಸರಿನ ಮೊದಲ ಅಕ್ಷರ ಬರೆದು ಕಳಿಸಿ. ನನ್ನ ಪುಸ್ತಕದಲ್ಲಿ ಜಾಗ ಇದೆ, ಆ ಹಾಳೆ ತಿರುವುವುದಿಲ್ಲ.