ಬಿಸಿಲಿಗೆ ಬಿದ್ದವರ ಮೈ ಮೊದಲು ತಣಿಸಿ, ಗಾಡಿ ಆಮೇಲೆ

ಮಾರ್ಚ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನೀರು ಕುಡಿಯಿರಿ, ನೆರಳಲ್ಲಿರಿ ಅಂತ ಮತ್ತೆ ಹೇಳುವುದಿಲ್ಲ, ಅದು ನಿಮಗೆ ಗೊತ್ತು. ಪ್ರತಿ ವರ್ಷ ತಪ್ಪುವುದು ಒಂದೇ ಕಡೆ. ಅದಕ್ಕೇ ಈ ಸಲ ಮೊದಲ ಪ್ರಶ್ನೆಗೆ ಜಾಸ್ತಿ ಜಾಗ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಬಂದಿದ್ದವರು ಮಧ್ಯಾಹ್ನ ಕೆಳಗಿಳಿದು, ಏನೇನೋ ಮಾತಾಡಿ ಕುಸಿದರು. ಈರುಳ್ಳಿ ಉಜ್ಜಿ, ನೀರು ಕುಡಿಸಿ, ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಮಾಡಿದ್ದು ಸರಿಯಾ? ಮಲೆನಾಡಿನಲ್ಲೂ ಬಿಸಿಲಿನ ಹೊಡೆತ ಆಗುತ್ತಾ?

ಆಗುತ್ತೆ. ಅದು ಕಲಬುರಗಿ, ರಾಯಚೂರಿನ ಕಾಯಿಲೆ ಅಂದುಕೊಂಡು ಕೂರಬೇಡಿ. ಶಿವಮೊಗ್ಗದಲ್ಲಿ ಏಪ್ರಿಲ್‌ನಲ್ಲಿ 36 ಡಿಗ್ರಿ ಮಾಮೂಲು. ಅದರ ಜೊತೆಗೆ, ಒಂದೆರಡು ಮಳೆ ಬಿದ್ದ ಮೇಲಿನ ನಮ್ಮ ಸೆಕೆ ಇದೆಯಲ್ಲ, ಆಗ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. "ಬೆವರು ಬರ್ತಿತ್ತು, ಹಾಗಾಗಿ ಬಿಸಿಲಿನ ಹೊಡೆತ ಅಲ್ಲ" ಎನ್ನುವುದು ತಪ್ಪು. ದುಡಿಯುತ್ತಾ ಬಿದ್ದವರ ಮೈಯಲ್ಲಿ ಬೆವರು ಇರಬಹುದು. ಮೈ ಕಾದಿದೆ, ಮಾತು ಅಡ್ಡಾದಿಡ್ಡಿ ಆಗಿದೆ ಅಥವಾ ಎಚ್ಚರ ತಪ್ಪಿದೆ ಅಂದರೆ ಅದೇ ಗುರುತು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಲು ಹೊರಟರೆ ಜೀವ ಉಳಿಸುವ ಹೊತ್ತು ಕೈತಪ್ಪುತ್ತದೆ.

ಈರುಳ್ಳಿಯಿಂದ ಏನೂ ಆಗುವುದಿಲ್ಲ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಿದ್ದು ದೊಡ್ಡ ತಪ್ಪು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪತ್ರೆಗೆ ಕರೆದೊಯ್ದದ್ದು ಸರಿ, ಆದರೆ ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಆಗಲಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ನೆರಳಿಗೆ ಎತ್ತಿ ತಂದು, ಅಂಗಿ ಬಿಚ್ಚಿ, ಬಾವಿ ನೀರನ್ನು ಕೊಡಗಟ್ಟಲೆ ಮೈಮೇಲೆ ಸುರಿಯುತ್ತಲೇ ಇರಿ, ಅಡಿಕೆ ಹಾಳೆಯೋ ರಟ್ಟೋ ಸಿಕ್ಕಿದ್ದರಲ್ಲಿ ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇದ್ದರೆ ಇಡಿ. ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸಿ. ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಗಾಡಿಯಲ್ಲೂ ಕಿಟಕಿ ತೆರೆದಿರಲಿ, ಒದ್ದೆ ಬಟ್ಟೆ ಮೈಮೇಲಿರಲಿ. ತಣ್ಣೀರು ಸುರಿದರೆ ರಕ್ತನಾಳ ಒಡೆಯುತ್ತೆ ಅಂತ ಮೊಬೈಲಿನಲ್ಲಿ ಓಡಾಡುವ ಮೆಸೇಜನ್ನು ದಯವಿಟ್ಟು ಅಳಿಸಿ, ಆ ಭಯದಲ್ಲೇ ಜನ ಕೊಡ ಹಿಡಿದು ಸುಮ್ನೆ ನಿಲ್ಲುತ್ತಾರೆ.

ಕೆಲವು ವರ್ಷಗಳ ಹಿಂದೆ ಒಬ್ಬರನ್ನು ನಡುಗುತ್ತಿದ್ದಾರೆ ಅಂತ ಕಂಬಳಿ ಹೊದಿಸಿ ತಂದಿದ್ದರು. ಜೀಪಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಗೇ ಇತ್ತು, ಜೇಬಿನಲ್ಲಿ ಅರ್ಧ ಈರುಳ್ಳಿ. ಮೈ 106 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ದಾರಿಯಲ್ಲಿ ಯಾರೋ ಸೂಜಿ ಚುಚ್ಚಿ, ಗ್ಲೂಕೋಸ್ ಬಾಟಲಿ ಏರಿಸಿ ಮುಕ್ಕಾಲು ಗಂಟೆ ಕೂರಿಸಿಕೊಂಡಿದ್ದರಂತೆ. ಜೀವ ಉಳಿಯಿತು. ಕಿಡ್ನಿ ಕೈಕೊಟ್ಟು ವಾರಗಟ್ಟಲೆ ಡಯಾಲಿಸಿಸ್ ಆಯಿತು. ಓದು, ಪರವಾನಗಿ ಏನೂ ಇಲ್ಲದೆ ಬಾಟಲಿ ಏರಿಸುವ ಇಂಥವರ ಬಾಗಿಲಿಗೆ ಹೋಗಲೇಬೇಡಿ. ಪ್ಯಾರಾಸಿಟಮಾಲ್ ಮಾತ್ರೆಯೂ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವೇ ಅಲ್ಲ.

ಪ್ರಶ್ನೆ: ಓಆರ್‌ಎಸ್ ಪೊಟ್ಟಣವನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಳ್ಳಬಹುದಾ?

ಬೇಡ. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಅಂದಾಜಿಗೆ ಹಾಕಿದರೆ ಉಪ್ಪು ಹೆಚ್ಚುಕಡಿಮೆ ಆಗುತ್ತದೆ.

ಪ್ರಶ್ನೆ: ಎಳನೀರು ಎಷ್ಟು ಕುಡಿದರೂ ತಂಪಲ್ವಾ?

ಕಿಡ್ನಿ ತೊಂದರೆ ಇರುವವರಿಗೆ ಅಪಾಯ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಉಳಿದವರು ಕುಡಿಯಿರಿ. ಮಜ್ಜಿಗೆ, ಮುರುಗಲು ಪಾನಕವೂ ಒಳ್ಳೆಯದೇ.

ಪ್ರಶ್ನೆ: ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿ ಬಂದ ಮೇಲೆ ಅತ್ತೆಗೆ ಎರಡು ದಿನದಿಂದ ಜ್ವರ, ಮೈಕೈ ನೋವು. ಉಷ್ಣ ಅಂತ ತಂಬುಳಿ ಕೊಡ್ತಿದ್ದೇವೆ. ಸಾಕಾ?

ಸಾಲದು. ಕಾಡಿಗೆ ಹೋಗಿ ಬಂದ ಮೇಲಿನ ಇಂಥ ಜ್ವರ ಮಂಗನ ಕಾಯಿಲೆಯೂ ಆಗಿರಬಹುದು. ಅದನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗು (ರಕ್ತ ಹೀರುವ ಸಣ್ಣ ಉಣ್ಣೆ ಹುಳ) ಕಚ್ಚಿ ಬರುವುದು, ಹೆಚ್ಚು ಕಾಣುವುದು ಡಿಸೆಂಬರ್‌ನಿಂದ ಮೇವರೆಗೆ. ಉಷ್ಣ ಅಂತ ಕಾಯಬೇಡಿ. ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಾಡಿಗೆ ಹೋಗಿದ್ದರು ಅಂತ ಅವರು ಕೇಳುವ ಮೊದಲೇ ಹೇಳಿ. ರಕ್ತ ಪರೀಕ್ಷೆ ಮಾಡಿಸಿ.