ಕಟ್ಟೆಗೆ ಕಬ್ಬಿಣದ ಮುಳ್ಳು ಹಾಕಿಸಬೇಡಿ

ಪತ್ರ: ಸಂಪಾದಕರೇ, ಧಾರವಾಡದ ಹೊಸಯಲ್ಲಾಪುರದಲ್ಲಿ ಹಳೆಯ ಮನೆ ಕೊಂಡು ಎರಡು ವರ್ಷವಾಯಿತು. ಬಾಗಿಲ ಹೊರಗೆ ರಸ್ತೆಗೆ ತಾಗಿ ಒಂದು ಕಲ್ಲಿನ ಕಟ್ಟೆ ಇದೆ. ಸಂಜೆಯಾದರೆ ಓಣಿಯ ಮುದುಕರು, ಎಂಟರ ಮೇಲೆ ಹುಡುಗರು ಬಂದು ಕೂರುತ್ತಾರೆ. ಚಹಾ ಕಪ್ಪು ಅಲ್ಲೇ ಬಿಸಾಕುತ್ತಾರೆ. ಕಟ್ಟೆಯ ಮೇಲೆ ಚೂಪು ಸರಳು ಕೂರಿಸಲು ವೆಲ್ಡಿಂಗ್‌ನವನಿಗೆ ಮುಂಗಡ ಕೊಟ್ಟೆ. ಅಂದಿನಿಂದ ಓಣಿಯವರು ಮುಖ ತಿರುಗಿಸುತ್ತಿದ್ದಾರೆ. ನಮ್ಮ ಜಾಗದಲ್ಲಿ ನಾವು ಏನು ಮಾಡಿದರೆ ಅವರಿಗೇನು? ಕೆಲಸವಿಲ್ಲದವರ ಈ ಹರಟೆಯ ಬಗ್ಗೆ ನಾಲ್ಕು ಮಾತು ಬರೆಯಿರಿ. (ಹೆಸರು ಹಾಕಬೇಡಿ.)

ಉತ್ತರ: ಹೆಸರು ಹಾಕಿಲ್ಲ. ನಾಲ್ಕು ಮಾತು ಖಂಡಿತ ಬರೆಯುತ್ತೇನೆ. ಆದರೆ ನೀವು ಬಯಸಿದ ಮಾತುಗಳನ್ನಲ್ಲ, ಬೇಜಾರು ಮಾಡ್ಕೋಬೇಡಿ.

ನಿಮ್ಮ ತೊಂದರೆ ಸುಳ್ಳಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಾಗದದ ಕಪ್ಪು, ಗುಟ್ಕಾ ಉಗುಳಿದ ಕಲೆ ಕಂಡರೆ ಯಾರಿಗಾದರೂ ತಲೆ ಕೆಡುತ್ತದೆ. ರಾತ್ರಿ ಹತ್ತರ ಮೇಲೆ ಬೈಕ್ ಗುರ್‍ ಅನ್ನಿಸುವ ಹುಡುಗರಿಗೆ ಬೈಯಲೇಬೇಕು. ಬೈಯಿರಿ. ಓಣಿಯ ಹಿರಿಯರೇ ನಿಮ್ಮ ಜೊತೆ ನಿಂತು ಬೈಯುತ್ತಾರೆ, ಕೇಳಿ ನೋಡಿ.

ಇನ್ನು ಕಟ್ಟೆಯ ಮಾತು. ನಾನು ಬೆಳೆದದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ನಮ್ಮ ಕಟ್ಟೆಯ ಕಲ್ಲಿನ ಮೇಲೆ ಹುಲಿಮನಿ ಆಟದ ಗೆರೆ ಕೆತ್ತಿತ್ತು. ಯಾರು ಕೆತ್ತಿದರೋ, ನಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ಗೆರೆ ಗೆರೆ ಕೂಡುವಲ್ಲಿ ಹರಳು ಇಟ್ಟೂ ಇಟ್ಟೂ ಕಲ್ಲು ಬೆರಳ ತುದಿಯಷ್ಟು ತಗ್ಗು ಬಿದ್ದಿತ್ತು. ಮಳೆ ನಿಂತ ಮೇಲೆ ಆ ತಗ್ಗುಗಳಲ್ಲಿ ನೀರು ಉಳಿಯುತ್ತಿತ್ತು, ಗುಬ್ಬಿಗಳು ಬಂದು ಕುಡಿಯುತ್ತಿದ್ದವು. ಬೆಳಿಗ್ಗೆ ಅವ್ವ ಅಲ್ಲೇ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಂಜೆ ಕಟ್ಟೆ ಗಂಡಸರ ಪಾಲಿಗೆ. ಎದುರುಮನೆಯ ಮಾಸ್ತರರಿಗೆ ಕಣ್ಣು ಮಂಜಾಗಿತ್ತು. "ತಮ್ಮಾ, ಪೇಪರ್ ತೊಗೊಂಡು ಬಾ, ಜೋರಾಗಿ ಓದು" ಅನ್ನುತ್ತಿದ್ದರು. ನಾನು ಒಂದಕ್ಷರ ತಪ್ಪಿದರೆ ನಾಲ್ಕು ಕಡೆಯಿಂದ ತಿದ್ದುವ ದನಿ ಬರುತ್ತಿತ್ತು. ಪೂರ್ತಿ ಓದಿದರೆ ಒಂದು ಮುಷ್ಟಿ ಹುರಿದ ಶೇಂಗಾ. ಇವತ್ತು ಈ ಪತ್ರಿಕೆಯ ಕರಡು ತಿದ್ದುವಾಗಲೂ ನನಗೆ ಆ ದನಿಗಳೇ ಕೇಳುತ್ತವೆ.

ಹರಟೆ ಅಂದರೆ ಕೆಲಸವಿಲ್ಲದವರದು ಅಂತ ಬರೆದಿದ್ದೀರಲ್ಲ, ಅದೂ ಧಾರವಾಡದಲ್ಲಿ ಕೂತು! ಇದೊಂದು ಮಾತು ನನಗೆ ನಿಜವಾಗಿಯೂ ಚುಚ್ಚಿತು. ಬೇಂದ್ರೆಯವರ ಗೆಳೆಯರ ಗುಂಪು ಏನು ಮಾಡುತ್ತಿತ್ತು? ಕೂಡುತ್ತಿತ್ತು, ಮಾತಾಡುತ್ತಿತ್ತು, ಹಾಡುತ್ತಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ನಿಮ್ಮ ಮನೆಯಿಂದ ಏನು ದೂರ, ಸುಭಾಸ ರಸ್ತೆ. ವಿಮರ್ಶಕ ಕುರ್ತಕೋಟಿ, ನಾಟಕಕಾರ ಕಾರ್ನಾಡರಂಥವರು ಆ ಮೆಟ್ಟಿಲು ಹತ್ತಿ ಹೋಗಿ ಗಂಟೆಗಟ್ಟಲೆ ಮಾಡಿದ್ದೂ ಇದನ್ನೇ. ನಿಮ್ಮ ಕಟ್ಟೆಯ ಮುದುಕರು ಕವಿಗಳಲ್ಲದಿರಬಹುದು, ಆದರೆ ಮಾತಿನ ರುಚಿ ಅದೇ.

ನಮ್ಮ ತಂದೆ ಒಂದು ಸಂಗತಿ ಹೇಳುತ್ತಿದ್ದರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಆಗ ಓಣಿಯಲ್ಲಿ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯವರು ರೇಡಿಯೋವನ್ನು ಕಿಟಕಿಯಲ್ಲಿಟ್ಟು ಕದ ತೆಗೆದಿಡುತ್ತಿದ್ದರು, ಮಂದಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರ ದನಿ ಬಂತೆಂದರೆ ಮೂಲೆಯ ಚಹಾದವನು ಸ್ಟೋವಿನ ಗಾಳಿ ಬಿಟ್ಟು ಆರಿಸಿಬಿಡುತ್ತಿದ್ದನಂತೆ, ಅದರ ಭರ್‍ ಸದ್ದಿಗೆ ಆಲಾಪ ಕೇಳುವುದಿಲ್ಲ ಅಂತ. ಹಾಡು ಮುಗಿಯುವ ತನಕ ಯಾರಿಗೂ ಚಹಾ ಇಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಗದಗಿನ ತ್ರಿಕೂಟೇಶ್ವರ ಗುಡಿಗೆ ಹೋದಾಗ ಮಂಟಪದ ಅಂಚು ನೋಡಿ. ಒರಗಿ ಕೂರಲಿಕ್ಕೆ ಹೊರಗೆ ಬಾಗಿದ ಕಲ್ಲಿನ ಆಸನ, ಕಕ್ಷಾಸನ ಅಂತಾರೆ. ಅದಕ್ಕೂ ಚಂದದ ಕೆತ್ತನೆ ಮಾಡಿದ್ದಾರೆ. ಚಾಲುಕ್ಯರ ಕಾಲದ ಶಿಲ್ಪಿಗೆ, ದೇವರಿಗೆ ಕೈಮುಗಿದವನು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಾನೆ ಅನ್ನುವುದು ಗೊತ್ತಿತ್ತು. ನಿಮ್ಮ ಮನೆ ಕಟ್ಟಿಸಿದವರಿಗೂ ಗೊತ್ತಿತ್ತು. ಕಟ್ಟೆಯನ್ನು ಬಾಗಿಲ ಒಳಗೆ ಕಟ್ಟಿಸಬಹುದಿತ್ತು, ಬೇಕಂತಲೇ ಹೊರಗೆ ಕಟ್ಟಿಸಿದರು. ಕಾಗದಪತ್ರದಲ್ಲಿ ಅದು ನಿಮ್ಮದೇ. ಆದರೆ ದಶಮಿಯ ಸಂಜೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅಂತ ಕಾಲಿಗೆರಗಿದ್ದು, ಪಂಚಮಿಯ ಉಂಡಿ ಹಂಚಿದ್ದು, ಹೋಳಿ ಹಬ್ಬಕ್ಕೆ ಹಲಗಿ ಕಾಯಿಸಿಕೊಂಡು ಬಾರಿಸಿದ್ದು ಎಲ್ಲ ಅಂಥ ಕಟ್ಟೆಗಳ ಹತ್ತಿರವೇ. ಧಾರವಾಡದ ಒಂದು ಓಣಿಯ ಹೆಸರೇ ಕಾಮನಕಟ್ಟಿ. ಓಣಿಯವರು ಮುಖ ತಿರುಗಿಸಿದ್ದು ಏಕೆಂದು ಈಗ ಗೊತ್ತಾಯಿತಲ್ವಾ?

ತಿನ್ನುವ ಮಾತನ್ನೂ ಹೇಳಿಬಿಡುತ್ತೇನೆ. ಗಿರ್ಮಿಟ್ ಅನ್ನುವುದು ಮನೆಗೆ ಒಯ್ದು ತಿನ್ನುವ ಪದಾರ್ಥವೇ ಅಲ್ಲ. ಚುನಮುರಿಗೆ ಹುಳಿ-ಬೆಲ್ಲದ ಒಗ್ಗರಣೆ ಬಿತ್ತು, ಪುಠಾಣಿ ಹಿಟ್ಟು ಬಿತ್ತು, ಮೇಲೆ ಹಸಿ ಉಳ್ಳಾಗಡ್ಡಿ, ಸೇವು ಉದುರಿತು ಅಂದರೆ ಐದು ನಿಮಿಷ, ಅಷ್ಟೇ. ಆಮೇಲೆ ಮೆತ್ತಗಾಗುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಕಟ್ಟೆ ಬೇಕು, ಕೈಯಲ್ಲೊಂದು ಬಿಸಿ ಮಿರ್ಚಿ ಬೇಕು, "ನನ್ನದರಾಗ ಸ್ವಲ್ಪ ತೊಗೊಳ್ರೀ" ಅನ್ನಲಿಕ್ಕೆ ಇನ್ನೊಬ್ಬರು ಬೇಕು.

ಈಗ ಊರಲ್ಲಿ ಕೂರುವುದು ಎಲ್ಲಿ, ಹೇಳಿ. ರಸ್ತೆ ಅಗಲ ಮಾಡುವಾಗ ಮೊದಲು ಒಡೆಯುವುದೇ ಕಟ್ಟೆ. ಹುಬ್ಬಳ್ಳಿ-ಧಾರವಾಡ ರಸ್ತೆಯ ದೊಡ್ಡ ಮರಗಳು ಹೋದವು. ಅವುಗಳ ಬುಡದಲ್ಲಿ ನವಲೂರ ಪೇರಲದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಅಜ್ಜಿಯರು ತಲೆ ಮೇಲೆ ಸೆರಗು ಹೊದ್ದು ಬಿಸಿಲಲ್ಲಿ ನಿಲ್ಲುವುದನ್ನು ನೋಡಿದ್ದೇನೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಬಂತು, ಒಳಗೆ ತಣ್ಣಗಿದೆ, ನಾನೂ ಹತ್ತುತ್ತೇನೆ. ಆದರೆ ಇಳಿದ ಮೇಲೆ ನಿಲ್ಲಲು ನೆರಳಿಲ್ಲ. ಹೊಸ ಬಡಾವಣೆಗಳಲ್ಲಿ ಆಳೆತ್ತರದ ಕಂಪೌಂಡು, ಮೇಲೆ ಕ್ಯಾಮೆರಾ. ಉದ್ಯಾನಕ್ಕೆ ಹೊತ್ತೇರುವಷ್ಟರಲ್ಲಿ ಬೀಗ. ಹೋಟೆಲಿನಲ್ಲಿ ಚಹಾ ಮುಗಿದ ಕೂಡಲೇ ಮೇಜು ಒರೆಸಲು ಬರುತ್ತಾರೆ. ಅರವತ್ತೈದು ದಾಟಿದ, ಮಂಡಿ ನೋವಿನ ಮನುಷ್ಯ ಸಂಜೆ ಮನೆಯಿಂದ ಹೊರಗೆ ಬಂದರೆ ದುಡ್ಡು ಕೊಡದೆ ಕೂರುವ ಜಾಗ ಎಷ್ಟಿವೆ ಅಂತ ನಿಮ್ಮ ಓಣಿಯಲ್ಲೇ ಒಮ್ಮೆ ಎಣಿಸಿ ನೋಡಿ. ನಿಮ್ಮ ಕಟ್ಟೆಯನ್ನೂ ಸೇರಿಸಿ ಎಣಿಸಿ.

ನಿಮ್ಮದು ಕೆಟ್ಟ ಮನಸ್ಸು ಅಂತ ನನಗೆ ಅನ್ನಿಸುವುದಿಲ್ಲ. ಹಾಗಿದ್ದರೆ ಯಾರನ್ನೂ ಕೇಳದೆ ಸರಳು ಕೂರಿಸಿಬಿಡುತ್ತಿದ್ದಿರಿ, ನನಗೆ ಎರಡು ಪುಟದ ಪತ್ರ ಬರೆಯುತ್ತಿರಲಿಲ್ಲ. ಕಟ್ಟೆಯ ಮೂಲೆಗೊಂದು ಕಸದ ಡಬ್ಬಿ ಇಡಿ. ಬಾಗಿಲ ದೀಪ ಹಚ್ಚಿಡಿ. ಒಂದು ಸಂಜೆ ನೀವೂ ಹೊರಗೆ ಬಂದು ಅವರ ಪಕ್ಕ ಕೂರಿ. ಎರಡು ವರ್ಷದಲ್ಲಿ ಒಂದು ಸಲವೂ ಕೂತಿಲ್ಲ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ವೆಲ್ಡಿಂಗ್‌ನವನಿಗೆ ಕೊಟ್ಟ ಮುಂಗಡ ಹಾಳಾಗುವುದು ಬೇಡ, ಅದೇ ಸರಳಿನಲ್ಲಿ ಹಿತ್ತಲ ಮಲ್ಲಿಗೆ ಬಳ್ಳಿಗೆ ಚಪ್ಪರ ಮಾಡಿಸಿ.

ಮುಂದಿನ ಶನಿವಾರ ಧಾರವಾಡಕ್ಕೆ ಬರುವವನಿದ್ದೇನೆ. ನಿಮ್ಮ ವಿಳಾಸ ಲಕೋಟೆಯ ಮೇಲಿದೆ. ಆರು ಗಂಟೆಗೆ ಬರುತ್ತೇನೆ, ಒಳಗೆ ಕರೆಯಬೇಡಿ, ಕಟ್ಟೆಯ ಮೇಲೇ ಕೂರೋಣ.